ಪುಣೆ ವಿಶ್ವವಿದ್ಯಾಲಯದ ರಕ್ಷಣಾ ಅಧ್ಯಯನ ವಿಭಾಗ: ಅಲ್ಲಿ ಏನು ನಡೆಯುತ್ತದೆ, ನಾವು ಹೇಗೆ ಸೇರಿಕೊಳ್ಳಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನೆಲೆಸಿದ ಕನ್ನಡದ ಮನೆಗಳಿಂದ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಲು ಬರುವ ಹುಡುಗ ಹುಡುಗಿಯರಿಂದ, ದಿಘಿ, ಖಡಕಿ ಕಡೆ ಮನೆ ಮಾಡಿಕೊಂಡಿರುವ ಮಾಜಿ ಸೈನಿಕರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ತಲೆಬರಹ ಮಾಡಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ತಿನ್ನುವಂಥವು ಆಮೇಲೆ.

## ಮೊಟ್ಟಮೊದಲು

ಅಲ್ಲಿ ಬಂದೂಕು ಹಿಡಿಯೋದು ಕಲಸ್ತಾರೇನ್ರಿ?

ಇಲ್ಲ. ಡ್ರಿಲ್ ಇಲ್ಲ, ಯೂನಿಫಾರ್ಮ್ ಇಲ್ಲ, ಫೈರಿಂಗ್ ರೇಂಜ್ ಇಲ್ಲ. ಗಣೇಶಖಿಂಡದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಅರ್ಥಶಾಸ್ತ್ರ ವಿಭಾಗಗಳಿರುವಂತೆಯೇ ರಕ್ಷಣಾ ಮತ್ತು ವ್ಯೂಹಾತ್ಮಕ ಅಧ್ಯಯನ ವಿಭಾಗವೂ ಒಂದು. ಯುದ್ಧ ಯಾಕೆ ಆಗುತ್ತದೆ, ಯಾಕೆ ನಿಲ್ಲುತ್ತದೆ, ಸೈನ್ಯಕ್ಕೆ ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ನೆರೆ ದೇಶದ ನಡೆಯನ್ನು ಹೇಗೆ ಓದಬೇಕು, ಅಣ್ವಸ್ತ್ರ ಕೈಯಲ್ಲಿದ್ದವರು ಅದನ್ನು ಬಳಸದೆ ಹೇಗೆ ಬಳಸುತ್ತಾರೆ: ಇಂಥವು ಇಲ್ಲಿನ ಪಾಠ. ಇಲ್ಲಿನ ಆಯುಧವೆಂದರೆ ಬಜೆಟ್ ಪುಸ್ತಕ, ನಕಾಶೆ ಮತ್ತು ಓದುವ ತಾಳ್ಮೆ. ಮೂರನೆಯದು ಇಲ್ಲದವರಿಗೆ ಮೊದಲ ಸೆಮಿಸ್ಟರಿನಲ್ಲೇ ಬೇಸರ ಬರುತ್ತದೆ.

ಎನ್‌ಡಿಎ, ಡಿಐಎಟಿ, ಡಿಆರ್‌ಡಿಒ, ಈ ವಿಭಾಗ... ಎಲ್ಲಾ ಒಂದೇ ಅಲ್ಲೇನು?

ಅಲ್ಲ. ಊರು ಒಂದೇ ಆದ್ದರಿಂದ ಗೊಂದಲವಾಗುತ್ತದೆ, ಅಷ್ಟೆ. ಖಡಕವಾಸ್ಲಾದ ಎನ್‌ಡಿಎ ಪಿಯುಸಿ ಮುಗಿಸಿದವರನ್ನು ಅಧಿಕಾರಿಯಾಗಲು ತಯಾರು ಮಾಡುವ ಅಕಾಡೆಮಿ. ಅಲ್ಲಿನ ಕೆಡೆಟ್‌ಗಳಿಗೆ ಪದವಿ ಕೊಡುವುದು ದೆಹಲಿಯ ಜೆಎನ್‌ಯು, ಪುಣೆ ವಿಶ್ವವಿದ್ಯಾಲಯ ಅಲ್ಲ. ಹೆಣ್ಣುಮಕ್ಕಳ ಮೊದಲ ತಂಡ, 17 ಜನ, ಅಲ್ಲಿಂದ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಅದೇ ಕಡೆ ಗಿರಿನಗರದಲ್ಲಿರುವ ಡಿಐಎಟಿ ರಕ್ಷಣಾ ತಂತ್ರಜ್ಞಾನ ಕಲಿಸುವ ಸಂಸ್ಥೆ, ಎಂಜಿನಿಯರಿಂಗ್ ಓದಿದವರದು. ಪಾಷಾಣದ ಎಆರ್‌ಡಿಇ ಮತ್ತು ಎಚ್‌ಇಎಂಆರ್‌ಎಲ್, ದಿಘಿಯ ಆರ್ ಅಂಡ್ ಡಿಇ, ಈ ಮೂರೂ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪ್ರಯೋಗಾಲಯಗಳು. ಪಿನಾಕ ರಾಕೆಟ್ ವಿನ್ಯಾಸವಾದದ್ದು ಎಆರ್‌ಡಿಇಯಲ್ಲಿ, ಸರ್ವತ್ರ ಸೇತುವೆ ದಿಘಿಯಲ್ಲಿ. ದಾಪೋಡಿಯಲ್ಲಿ ಮಿಲಿಟರಿ ಎಂಜಿನಿಯರಿಂಗ್ ಕಾಲೇಜು, ವಾನವಡಿ ಕಡೆ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿ, ಕ್ಯಾಂಪಿನಲ್ಲಿ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ.

ವಿಶ್ವವಿದ್ಯಾಲಯದ ವಿಭಾಗ ಇವೆಲ್ಲಕ್ಕಿಂತ ಬೇರೆ. ಅದು ನಾಗರಿಕರದು, ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಈ ನೆರೆಹೊರೆಯ ಲಾಭ ಅದಕ್ಕೆ ಇದ್ದೇ ಇದೆ: ಉಪನ್ಯಾಸ ಕೊಡಬಲ್ಲ ನಿವೃತ್ತ ಜನರಲ್ಲೂ ನಿವೃತ್ತ ವಿಜ್ಞಾನಿಯೂ ರಿಕ್ಷಾದಲ್ಲಿ ಬರುವಷ್ಟು ಹತ್ತಿರದಲ್ಲಿದ್ದಾರೆ.

ಯಶವಂತರಾವ್ ಚವ್ಹಾಣರ ಹೆಸರು ಅಲ್ಲಿ ಯಾಕೆ ಕೇಳಿಬರ್ತದ?

ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಭದ್ರತೆ ಮತ್ತು ರಕ್ಷಣಾ ವಿಶ್ಲೇಷಣೆಗೆಂದೇ ಇರುವ ಕೇಂದ್ರಕ್ಕೆ ಅವರ ಹೆಸರಿದೆ. 1962ರ ನವೆಂಬರಿನಲ್ಲಿ, ಚೀನಾ ಯುದ್ಧದ ಮಧ್ಯೆ, ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಅವರನ್ನು ನೆಹರೂ ರಕ್ಷಣಾ ಮಂತ್ರಿಯಾಗಿ ಕರೆಸಿಕೊಂಡರು. 1965ರ ಯುದ್ಧವೂ ಅವರ ಕಾಲದಲ್ಲೇ ಆಯಿತು.

ಇತ್ತೀಚೆಗೆ ಅಲ್ಲಿ ಏನೇನು ನಡೀತಾ ಇದೆ?

ಹೊರಗಿನವರ ಕಣ್ಣಿಗೆ ಬೀಳುವುದು ದೊಡ್ಡವರ ಭಾಷಣ. 1994ರಲ್ಲಿ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡ ಭೂಸೇನಾ ಮುಖ್ಯಸ್ಥ ಜನರಲ್ ಬಿ.ಸಿ. ಜೋಶಿ ಅವರ ನೆನಪಿನ ಉಪನ್ಯಾಸ ವಿಭಾಗದ ಹಳೆಯ ರೂಢಿ. 2025ರ ಜೂನ್ 3ರಂದು, ಆಪರೇಷನ್ ಸಿಂಧೂರ್‌ನ ಕಾದಾಟ ನಿಂತು ತಿಂಗಳೂ ಆಗಿರಲಿಲ್ಲ, ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಇದೇ ವಿಶ್ವವಿದ್ಯಾಲಯದಲ್ಲಿ ಮುಂದಿನ ಯುದ್ಧಗಳ ಸ್ವರೂಪದ ಬಗ್ಗೆ ಮಾತಾಡಿದರು. ಮರುದಿನ ದೇಶದ ಪತ್ರಿಕೆಗಳೆಲ್ಲ ಅದನ್ನು ಬರೆದವು.

ಆದರೆ ಇಂಥ ಕೇಂದ್ರಗಳ ನಿಜವಾದ ಕೆಲಸ ಫೋಟೋಕ್ಕೆ ಸಿಗುವುದಿಲ್ಲ. ಹತ್ತು ಹದಿನೈದು ಜನ ಕೂತು ಒಂದು ಕರಡು ಲೇಖನವನ್ನು ಜಾಲಾಡುವ ಸಭೆ, ವಾರ್‌ಗೇಮ್, ಪಿಎಚ್‌.ಡಿ. ಪ್ರಗತಿ ಪರಿಶೀಲನೆ, ವಿದ್ಯಾರ್ಥಿಗಳ ಕ್ಷೇತ್ರ ಭೇಟಿ. ಒಂದು ಕೇಂದ್ರ ಚುರುಕಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ವೇದಿಕೆಯ ಮೇಲಿನ ಹೂಗುಚ್ಛ ಎಣಿಸಬೇಡಿ. ಸೆಮಿನಾರು ಮುಗಿದ ಆರು ತಿಂಗಳಿಗೆ ಅದರ ಪ್ರಬಂಧಗಳು ಓದಲು ಸಿಗುತ್ತವೆಯೇ, ಕಳೆದ ಮೂರು ವರ್ಷದಲ್ಲಿ ಒಪ್ಪಿತವಾದ ಥೀಸಿಸ್‌ಗಳು ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿವೆಯೇ, ಇಷ್ಟು ನೋಡಿದರೆ ಸಾಕು.

## ಸೇರಬೇಕು ಅನ್ನುವವರಿಗೆ

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡೀನಿ. ಇಲ್ಲಿ ಎಂ.ಎ.ಗೆ ಅರ್ಜಿ ಹಾಕಬಹುದೇನು? ಏನೇನು ಕಾಗದ ಬೇಕು?

ಹಾಕಬಹುದು. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಪ್ರವೇಶ ವಿಶ್ವವಿದ್ಯಾಲಯದ್ದೇ ಆನ್‌ಲೈನ್ ಪ್ರವೇಶ ಪರೀಕ್ಷೆಯ ಮೂಲಕ. ಅರ್ಜಿ ಹಾಕುವ ಅವಧಿ ಬೇಸಿಗೆಯಲ್ಲಿ ಬಂದು ಹೋಗುತ್ತದೆ. ಪದವಿಯ ಕೊನೆಯ ಸೆಮಿಸ್ಟರಿನ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕೂತವರಿಗೆ ಅದು ತಪ್ಪಿಹೋಗುತ್ತದೆ.

ಕರ್ನಾಟಕದಿಂದ ಬರುವವರು ಎಡವುವುದು ಮೂರು ಕಡೆ. ಒಂದು, ಮೈಗ್ರೇಷನ್ ಸರ್ಟಿಫಿಕೇಟ್. ಅದನ್ನು ಕಾಲೇಜು ಕೊಡುವುದಿಲ್ಲ, ನಿಮ್ಮ ಹಳೆಯ ವಿಶ್ವವಿದ್ಯಾಲಯವೇ ಕೊಡಬೇಕು. ಅರ್ಜಿಯ ಜೊತೆಗೇ ಅದಕ್ಕೂ ಕೋರಿಕೆ ಹಾಕಿಬಿಡಿ. ಎರಡು, ಜಾತಿ ಪ್ರಮಾಣಪತ್ರ. ಕರ್ನಾಟಕದ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲು ಸೀಟಿಗೆ ನಡೆಯುವುದಿಲ್ಲ, ನಿಮ್ಮನ್ನು ಸಾಮಾನ್ಯ ವರ್ಗದಲ್ಲೇ ಲೆಕ್ಕ ಹಾಕುತ್ತಾರೆ. ಕೌಂಟರಿನ ಮುಂದೆ ನಿಂತಾಗ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿರುವುದು ಒಳ್ಳೆಯದು. ಮೂರು, ಹೆಸರು. ನಮ್ಮ ಕಡೆ ಅಂಕಪಟ್ಟಿಯಲ್ಲಿ ‘ಬಸವರಾಜ ಎಸ್. ಪಾಟೀಲ’ ಎಂದಿರುತ್ತದೆ. ಇಲ್ಲಿಯ ಫಾರ್ಮ್ ಕೇಳುವುದು ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ತಂದೆಯ ಪೂರ್ತಿ ಹೆಸರು. ಆ ‘ಎಸ್’ ಎಂದರೆ ಶಿವಪ್ಪನೋ ಸಿದ್ದಪ್ಪನೋ ಎಂದು ಆಧಾರ್, ಅಂಕಪಟ್ಟಿ, ಅರ್ಜಿ ಮೂರರಲ್ಲೂ ತಾಳೆಯಾಗದಿದ್ದರೆ ಶೈಕ್ಷಣಿಕ ಕ್ರೆಡಿಟ್ ಖಾತೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ಊರಿನಲ್ಲೇ ಮಾಡಿಸಿಕೊಂಡು ಬನ್ನಿ.

ಎರಡು ವರ್ಷದಲ್ಲಿ ಎಷ್ಟು ಕೆಲಸ ಇರ್ತದ?

ಹೊಸ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಮಹಾರಾಷ್ಟ್ರದ ಸ್ನಾತಕೋತ್ತರ ಪದವಿಗೆ ಸೆಮಿಸ್ಟರಿಗೆ 22ರಂತೆ ಒಟ್ಟು 88 ಕ್ರೆಡಿಟ್. ಪಾಠದ ಒಂದು ಕ್ರೆಡಿಟ್ ಎಂದರೆ 15 ಗಂಟೆ ತರಗತಿ. ಇದರಲ್ಲಿ ಸಂಶೋಧನಾ ವಿಧಾನಕ್ಕೆ 4, ಕೆಲಸದ ತರಬೇತಿ ಅಥವಾ ಕ್ಷೇತ್ರಕಾರ್ಯಕ್ಕೆ 4, ಮೂರು ಮತ್ತು ನಾಲ್ಕನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ 4 ಮತ್ತು 6, ಒಟ್ಟು 18 ಕ್ರೆಡಿಟ್ ನೀವೇ ಓಡಾಡಿ ಮಾಡಬೇಕಾದದ್ದು. ಕೊನೆಯ 10 ಕ್ರೆಡಿಟ್ಟನ್ನು ಹಗುರವಾಗಿ ತೆಗೆದುಕೊಂಡವರೇ ಹೆಚ್ಚಾಗಿ ಕಷ್ಟಪಡುತ್ತಾರೆ.

ನಮ್ಮ ಹುಡುಗಿ ಕನ್ನಡ ಮೀಡಿಯಂ. ಇಂಗ್ಲಿಷ್ ಪಾಠ ತಲೆಗೆ ಹತ್ತೀತಾ?

ಹತ್ತುತ್ತದೆ. ಮೊದಲ ಮೂರು ತಿಂಗಳು ಕಷ್ಟ. ತೊಡಕು ವ್ಯಾಕರಣದ್ದಲ್ಲ, ಪರಿಭಾಷೆಯದು: ‘ಡಿಟೆರೆನ್ಸ್’, ‘ಎಸ್ಕಲೇಷನ್’, ‘ಅಟ್ರಿಷನ್’. ಪದವನ್ನು ಉರು ಹೊಡೆಯುವ ಬದಲು ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ಉದಾಹರಣೆ ಬರೆದಿಟ್ಟುಕೊಳ್ಳಲಿ. ಡಿಟೆರೆನ್ಸ್ ಎಂದರೆ ಹೊಡೆತ ಕೊಡುವುದಲ್ಲ, ‘ಇವನ ತಂಟೆಗೆ ಹೋದರೆ ನಮಗೇ ತುಟ್ಟಿ’ ಎಂದು ಎದುರಿನವನ ತಲೆಯೊಳಗೆ ಲೆಕ್ಕ ಹಾಕಿಸುವುದು. ಇಂಥ ಐವತ್ತು ಪದ ದಕ್ಕಿದರೆ ತರಗತಿ ತೆರೆದುಕೊಳ್ಳುತ್ತದೆ. ಮರಾಠಿ ಅರ್ಥವಾಗುತ್ತಿದ್ದರೆ ಇನ್ನೂ ಅನುಕೂಲ, ಕ್ಯಾಂಟೀನಿನ ಅರ್ಧ ಚರ್ಚೆ ಆ ಭಾಷೆಯಲ್ಲೇ.

ಇದನ್ನು ಓದಿದರೆ ಎಸ್‌ಎಸ್‌ಬಿಯಲ್ಲಿ ಹೆಚ್ಚು ಮಾರ್ಕ್ಸ್ ಕೊಡ್ತಾರಾ?

ಕೊಡುವುದಿಲ್ಲ. ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯ ಐದು ದಿನದಲ್ಲಿ ನೋಡುವುದು ನಿಮ್ಮ ಸ್ವಭಾವವನ್ನು, ನಿಮ್ಮ ಎಂ.ಎ. ವಿಷಯವನ್ನಲ್ಲ. ಗುಂಪು ಚರ್ಚೆಯಲ್ಲಿ ವಿಷಯ ತಿಳಿದವರಿಗೆ ಸ್ವಲ್ಪ ಧೈರ್ಯ ಇರುತ್ತದೆ, ಅಷ್ಟೇ. ಅದಕ್ಕಿಂತ ಮುಖ್ಯ ವಯಸ್ಸಿನ ಲೆಕ್ಕ. 21ಕ್ಕೆ ಪದವಿ, 23ಕ್ಕೆ ಎಂ.ಎ. ಪದವೀಧರರು ಬರೆಯುವ ಸೇನಾ ಪರೀಕ್ಷೆ ಸಿಡಿಎಸ್ ಮೂಲಕ ಡೆಹರಾಡೂನಿನ ಸೇನಾ ಅಕಾಡೆಮಿ ಐಎಂಎಗೆ ಮಿತಿ 24, ಚೆನ್ನೈನ ತರಬೇತಿ ಅಕಾಡೆಮಿ ಒಟಿಎಗೆ 25. ಎಂ.ಎ. ಮುಗಿಯಲಿ ಎಂದು ಕಾದರೆ ಕೈಯಲ್ಲಿ ಉಳಿಯುವುದು ಒಂದೆರಡು ಅವಕಾಶ ಮಾತ್ರ. ಸೈನ್ಯವೇ ಗುರಿಯಾಗಿದ್ದರೆ ಓದುತ್ತಿರುವಾಗಲೇ ಪರೀಕ್ಷೆ ಬರೆಯಿರಿ.

ಮತ್ತೆ ನೌಕರಿ ಎಲ್ಲಿ ಸಿಗ್ತದ?

ನೇರವಾಗಿ ಹೇಳುವುದಾದರೆ, ಕ್ಯಾಂಪಸ್ಸಿಗೆ ಕಂಪನಿಗಳು ಸಾಲುಗಟ್ಟಿ ಬರುವ ಕೋರ್ಸ್ ಇದಲ್ಲ. ಬೋಧನೆಗೆ ಸಾಮಾನ್ಯವಾಗಿ ಯುಜಿಸಿ ನೆಟ್ ಎಂಬ ಅರ್ಹತಾ ಪರೀಕ್ಷೆ ಬೇಕು. ಅಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆಯೇ ಇದೆ, ಕೋಡ್ 11. ಎರಡೂ ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಸಂಶೋಧನಾ ಸಂಸ್ಥೆಗಳಲ್ಲಿ ಬಹುಪಾಲು ದೆಹಲಿಯಲ್ಲಿವೆ: 1965ರಲ್ಲಿ ಆರಂಭವಾಗಿ ಈಗ ಮನೋಹರ್ ಪರಿಕ್ಕರ್ ಹೆಸರಿನಲ್ಲಿರುವ ಐಡಿಎಸ್‌ಎ, ಭೂಸೇನೆಯ ವಿಚಾರಕ್ಕೆ ಕ್ಲಾಸ್ (CLAWS) ಎಂಬ ಕೇಂದ್ರ, ನೌಕಾ ವಿಚಾರಕ್ಕೆ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಷನ್. ಬೆಂಗಳೂರಿಗೆ ಮರಳಬೇಕೆನ್ನುವವರಿಗೆ ನಿಯಾಸ್ ಮತ್ತು ತಕ್ಷಶಿಲಾ ಇವೆ. ಕಂಪನಿಗಳ ಅಪಾಯ ವಿಶ್ಲೇಷಣೆ ವಿಭಾಗಗಳೂ ಕರೆಯುತ್ತವೆ, ಆದರೆ ಅಲ್ಲಿ ಪದವಿಗಿಂತ ನೀವು ಬರೆದ ಎರಡು ಪುಟದ ವರದಿ ಮುಖ್ಯ.

ಒಂದು ತಪ್ಪು ಕಲ್ಪನೆ ಬಹಳ ಓಡಾಡುತ್ತದೆ: ಇದನ್ನು ಯುಪಿಎಸ್‌ಸಿಗೆ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು ಎಂದು. ಸಿವಿಲ್ ಸರ್ವಿಸಸ್ ಪಟ್ಟಿಯಲ್ಲಿ ರಕ್ಷಣಾ ಅಧ್ಯಯನ ಇಲ್ಲವೇ ಇಲ್ಲ. ಮೂರನೆಯ ಸಾಮಾನ್ಯ ಅಧ್ಯಯನ ಪತ್ರಿಕೆಯ ಆಂತರಿಕ ಭದ್ರತೆ ಭಾಗಕ್ಕೆ ನೆರವಾಗುತ್ತದೆ, ಅಷ್ಟರಮಟ್ಟಿಗೆ ಸರಿ.

## ಸಭೆ, ಸೆಮಿನಾರು

ನಾನು ರಿಟೈರ್ಡ್ ಸುಭೇದಾರ. ಕ್ಲಾಸ್ ಬ್ಯಾಡ, ಭಾಷಣ ಕೇಳಾಕ ಬರಬಹುದೇನ್ರಿ?

ಬನ್ನಿ ಸುಭೇದಾರ್ ಸಾಹೇಬ್ರೇ. ಸಾರ್ವಜನಿಕ ಉಪನ್ಯಾಸ ಎಂದು ಪ್ರಕಟಿಸಿದ್ದಕ್ಕೆ ಯಾರೂ ಬರಬಹುದು. ಆದರೆ ಹುದ್ದೆಯಲ್ಲಿರುವ ಸೇನಾಧಿಕಾರಿ ಬರುವ ದಿನ ಮುಂಚಿತ ನೋಂದಣಿ ಕೇಳುತ್ತಾರೆ. ಮಾಜಿ ಸೈನಿಕರ ಗುರುತಿನ ಚೀಟಿಯ ಜೊತೆ ಆಧಾರ್ ಕೂಡ ಇರಲಿ. ದೊಡ್ಡ ಬ್ಯಾಗು ತರಬೇಡಿ. ಯೂನಿವರ್ಸಿಟಿ ಚೌಕದ ಟ್ರಾಫಿಕ್ಕಿಗೆಂದು ಅರ್ಧ ಗಂಟೆ ಬೇರೆಯೇ ಎತ್ತಿಡಿ.

ಪ್ರಶ್ನೋತ್ತರದಲ್ಲಿ ನಿಮ್ಮ ಅನುಭವಕ್ಕೆ ಬೆಲೆ ಇದೆ. ಆದರೆ ಅದನ್ನು ಪ್ರಶ್ನೆಯಾಗಿ ಕೇಳಿ. ನಾಲ್ಕು ನಿಮಿಷದ ಪೀಠಿಕೆ ಹಾಕಿದರೆ ಅಧ್ಯಕ್ಷರು ಮೈಕು ವಾಪಸ್ ತೆಗೆದುಕೊಳ್ಳುತ್ತಾರೆ, ಎಷ್ಟೇ ದೊಡ್ಡ ರ‍್ಯಾಂಕಿನವರಾದರೂ.

‘ಚಾಥಮ್ ಹೌಸ್ ನಿಯಮ ಇದೆ’ ಅಂದರು. ಹಾಗಂದರೆ ವಾಟ್ಸಾಪಿನಲ್ಲಿ ಹಾಕಬಾರದಾ?

ಲಂಡನ್ನಿನ ಒಂದು ಸಂಸ್ಥೆಯಲ್ಲಿ 1927ರಲ್ಲಿ ಹುಟ್ಟಿದ ನಿಯಮ ಅದು. ಕೇಳಿದ ವಿಷಯವನ್ನು ಬಳಸಬಹುದು, ಯಾರು ಹೇಳಿದರು ಎಂಬುದನ್ನೂ ಅವರು ಯಾವ ಸಂಸ್ಥೆಯವರು ಎಂಬುದನ್ನೂ ಬಿಟ್ಟುಕೊಡಬಾರದು. ‘ಹೆಸರು ಹೇಳಲ್ಲ, ನೌಕಾಪಡೆಯ ಒಬ್ಬ ನಿವೃತ್ತ ಅಡ್ಮಿರಲ್ ಹೇಳಿದ್ದು’ ಎಂದು ಬರೆದರೂ ನಿಯಮ ಮುರಿದಂತೆಯೇ, ಆ ಕೋಣೆಯಲ್ಲಿ ಅಡ್ಮಿರಲ್ ಒಬ್ಬರೇ ಇದ್ದರಲ್ಲ! ಸಭೆಯ ಫೋಟೋ, ಸ್ಲೈಡಿನ ಫೋಟೋ ಎರಡೂ ಬೇಡ.

ಮೊದಲ ಸಲ ಪೇಪರ್ ಓದ್ತೀನಿ. ಎಷ್ಟು ಉದ್ದ ಇರಬೇಕು?

ಸಾರಾಂಶಕ್ಕೆ ಸಾಮಾನ್ಯವಾಗಿ 250ರಿಂದ 300 ಪದ ಕೇಳುತ್ತಾರೆ. ಅದರಲ್ಲಿ ನಿಮ್ಮ ಪ್ರಶ್ನೆ ಏನು, ಯಾವ ಆಧಾರದಿಂದ ಉತ್ತರಿಸುತ್ತೀರಿ, ಏನು ಕಂಡುಬಂತು ಎಂಬ ಮೂರು ಇರಲೇಬೇಕು. ‘ಭಾರತ–ಚೀನಾ ಸಂಬಂಧ: ಸವಾಲುಗಳು ಮತ್ತು ಅವಕಾಶಗಳು’ ಎಂಬ ಶೀರ್ಷಿಕೆಯ ಸಾರಾಂಶಗಳು ರಾಶಿ ಬಂದಿರುತ್ತವೆ, ಆ ರಾಶಿಗೆ ನಿಮ್ಮದೂ ಸೇರುವುದು ಬೇಡ. ಓದಲು 15 ನಿಮಿಷ ಕೊಟ್ಟರೆ 12 ನಿಮಿಷಕ್ಕೆ ಸಾಕಾಗುವಷ್ಟು ಬರೆಯಿರಿ. ಸ್ಲೈಡು ಎಂಟು ಸಾಕು.

ಪ್ರಕಟಣೆಯ ವಿಚಾರ: ‘ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ, ಇಷ್ಟು ಸಾವಿರ ಕಟ್ಟಿ’ ಎಂದು ಬರುವ ಇಮೇಲ್‌ಗಳಿಗೆ ಈಗ ಅರ್ಥವೇ ಇಲ್ಲ. ಒಪ್ಪಿತ ಸಂಶೋಧನಾ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ ನಿಲ್ಲಿಸಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿಯೂ ಆಗಿದೆ.

## ವಾರ್‌ಗೇಮ್

ವಾರ್‌ಗೇಮ್ ಅಂದರೆ ಕಂಪ್ಯೂಟರ್ ಆಟವಾ?

ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಅಲ್ಲ. ಒಂದು ಮೇಜು, ಒಂದು ನಕಾಶೆ, ಬಣ್ಣದ ಚೀಟಿಗಳು, ಎರಡು ದಾಳ. ಪ್ರಶ್ಯದ ಸೈನ್ಯಕ್ಕೆ 1824ರಲ್ಲಿ ರೈಸ್‌ವಿಟ್ಸ್ ಮಾಡಿಕೊಟ್ಟ ‘ಕ್ರೀಗ್‌ಶ್ಪೀಲ್’ ಇದರ ಮುತ್ತಜ್ಜ. ಈಗ ತರಗತಿಗಳಲ್ಲಿ ಸುಲಭವಾಗಿ ನಡೆಸಬಹುದಾದದ್ದು ಮ್ಯಾಟ್ರಿಕ್ಸ್ ಗೇಮ್. ನಿಯಮ ಒಂದು ಪುಟದಲ್ಲಿ ಮುಗಿಯುತ್ತದೆ.

ಜನ 15: ಮೂವರಂತೆ ನಾಲ್ಕು ತಂಡ, ಒಬ್ಬ ನಿಯಂತ್ರಕ, ಒಬ್ಬ ಸಹಾಯಕ, ಒಬ್ಬ ಬರೆದುಕೊಳ್ಳುವವ. ಒಂದು ಸುತ್ತಿಗೆ 40 ನಿಮಿಷ: 10 ನಿಮಿಷ ತಂಡದೊಳಗಿನ ಚರ್ಚೆ, ತಂಡಕ್ಕೆ 5ರಂತೆ 20 ನಿಮಿಷ ವಾದ, 10 ನಿಮಿಷ ನಕಾಶೆ ತಿದ್ದುವುದು. ಆರು ಸುತ್ತಿಗೆ ನಾಲ್ಕು ಗಂಟೆ. ಮೊದಲು ಅರ್ಧ ಗಂಟೆ ವಿವರಣೆ, ಕೊನೆಗೆ ಒಂದು ಗಂಟೆ ವಿಮರ್ಶೆ. ಬೆಳಗ್ಗೆ 10ಕ್ಕೆ ಕೂತರೆ ಊಟದ ಬಿಡುವು ಸೇರಿ ನಾಲ್ಕೂವರೆಗೆ ಏಳಬಹುದು.

ದಾಳ ಎಸೆದು ಯುದ್ಧದ ಫಲಿತಾಂಶ ಹೇಳೋದು ಅಂದರೆ ಪಗಡೆ ಆಟ ಆಯ್ತಲ್ಲ?

ಪಗಡೆಯಲ್ಲಿ ನಿಮ್ಮ ವಾದಕ್ಕೆ ಬೆಲೆ ಇಲ್ಲ, ಇಲ್ಲಿ ಇದೆ. ತಂಡ ತನ್ನ ಸರದಿಯಲ್ಲಿ ‘ನಾವು ಇದನ್ನು ಮಾಡುತ್ತೇವೆ, ಇದು ಫಲಿಸುತ್ತದೆ, ಯಾಕೆಂದರೆ...’ ಎಂದು ಮೂರು ಕಾರಣ ಕೊಡುತ್ತದೆ. ಉಳಿದ ತಂಡಗಳು ಯಾಕೆ ಫಲಿಸುವುದಿಲ್ಲ ಎಂದು ಹೇಳುತ್ತವೆ. ಎರಡು ದಾಳದ ಮೊತ್ತ 7 ಅಥವಾ ಹೆಚ್ಚು ಬಂದರೆ ಗೆಲುವು. ಗಟ್ಟಿ ಕಾರಣ ಒಂದಕ್ಕೆ ನಿಯಂತ್ರಕ 1 ಕೂಡಿಸುತ್ತಾನೆ, ಗಟ್ಟಿ ಆಕ್ಷೇಪಕ್ಕೆ 1 ಕಳೆಯುತ್ತಾನೆ.

ಲೆಕ್ಕ ನೋಡಿ. ಎರಡು ದಾಳಕ್ಕೆ 36 ಸಾಧ್ಯತೆ. 7 ಅಥವಾ ಮೇಲೆ ಬರುವುದು 21 ಸಲ, ಅಂದರೆ ನೂರಕ್ಕೆ 58. ಒಂದು ಗಟ್ಟಿ ಕಾರಣ ಇದ್ದರೆ 6 ಸಾಕು, 26 ಸಲ, ನೂರಕ್ಕೆ 72. ಎರಡಿದ್ದರೆ 83. ಒಂದು ಆಕ್ಷೇಪ ನಿಂತರೆ 42ಕ್ಕೆ ಇಳಿಯುತ್ತದೆ. ಚೆನ್ನಾಗಿ ಯೋಚಿಸಿದವರು ಹೆಚ್ಚು ಸಲ ಗೆಲ್ಲುತ್ತಾರೆ, ಆದರೆ ಯಾವಾಗಲೂ ಅಲ್ಲ. ದಾಳ ಇರುವುದೇ ಆ ‘ಆದರೆ’ಗಾಗಿ. ಯೋಜನೆ ಸರಿಯಿದ್ದೂ ಮಂಜು ಕವಿದೋ ರೇಡಿಯೋ ಕೆಟ್ಟೋ ಕೆಲಸ ಕೆಡುವುದು ಯುದ್ಧದಲ್ಲಿ ದಿನನಿತ್ಯದ ಮಾತು.

ನಮ್ಮ ಕಾಲೇಜಿನಲ್ಲಿ ಮಾಡಿದ್ವಿ, ಟಿವಿ ಡಿಬೇಟ್ ಥರ ಆಯ್ತು. ಎಲ್ಲಿ ತಪ್ಪಿದ್ದು?

ಬಹುತೇಕ ಸನ್ನಿವೇಶದಲ್ಲೇ. ಭಾರತ–ಪಾಕಿಸ್ತಾನ ಎಂದು ನೇರವಾಗಿ ಇಟ್ಟರೆ ಪಾಕಿಸ್ತಾನದ ತಂಡದವರು ಸೋಲಲೆಂದೇ ಆಡುತ್ತಾರೆ. ಯಾರೂ ತಮ್ಮ ಹುಡುಗರ ಮುಂದೆ ಆ ಕಡೆಯವರಾಗಿ ಗೆಲ್ಲಲು ಇಷ್ಟಪಡುವುದಿಲ್ಲ. ಕಾಲ್ಪನಿಕ ಹೆಸರಿನ ದೇಶಗಳನ್ನು ಇಡಿ, ಭೂಗೋಳ ಮಾತ್ರ ನಿಜದ್ದಿರಲಿ.

ಎರಡನೆಯ ತಪ್ಪು, ಕಾರಣಕ್ಕೂ ಆಸೆಗೂ ವ್ಯತ್ಯಾಸ ಮಾಡದ ನಿಯಂತ್ರಕ. ‘ನಮ್ಮ ಸೈನಿಕರು ಧೈರ್ಯವಂತರು’ ಎಂಬುದು ಕಾರಣವಲ್ಲ, ಎದುರಿನವರೂ ಅದನ್ನೇ ಹೇಳುತ್ತಾರೆ. ‘ಈ ಕಣಿವೆಗೆ ನಮ್ಮ ಕಡೆಯಿಂದ ಎರಡು ರಸ್ತೆ, ಅವರ ಕಡೆಯಿಂದ ಒಂದೇ’ ಎಂಬುದು ಕಾರಣ. ಮೂರನೆಯದು, ತಂಡದಲ್ಲಿ ಒಬ್ಬ ನಿವೃತ್ತ ಕರ್ನಲ್ ಇದ್ದರೆ ಉಳಿದಿಬ್ಬರು ಬಾಯಿ ಬಿಡುವುದಿಲ್ಲ. ಅಂಥವರನ್ನು ನಿಯಂತ್ರಕನ ಪಕ್ಕ ಸಲಹೆಗಾರರಾಗಿ ಕೂರಿಸಿ, ಅವರಿಗೂ ಗೌರವ, ಆಟಕ್ಕೂ ಒಳ್ಳೆಯದು. ಇನ್ನು ಹೆಚ್ಚಿನವರು ಕೊನೆಯ ವಿಮರ್ಶೆಯನ್ನು ‘ಟೈಮ್ ಆಯ್ತು’ ಎಂದು ಬಿಟ್ಟುಬಿಡುತ್ತಾರೆ. ಬೇಕಾದರೆ ಒಂದು ಸುತ್ತು ಕಡಿಮೆ ಆಡಿ, ವಿಮರ್ಶೆ ಬಿಡಬೇಡಿ. ಬರೆದುಕೊಳ್ಳುವವನ ಟಿಪ್ಪಣಿ ಎದುರಿಗಿಟ್ಟುಕೊಂಡು, ಮೂರನೆಯ ಸುತ್ತಿನಲ್ಲಿ ನಿಮಗೆ ಏನು ಗೊತ್ತಿತ್ತು, ಯಾಕೆ ಹಾಗೆ ಮಾಡಿದಿರಿ ಎಂದು ಕೇಳುವ ಆ ಒಂದು ಗಂಟೆಗಾಗಿಯೇ ಉಳಿದ ನಾಲ್ಕು ಗಂಟೆ.

ಚಿಕ್ಕ ಮಾತೊಂದು: ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯಲ್ಲಿ ಫ್ಯಾನು ಆರಿಸಿ ಕೂರಲಾಗುವುದಿಲ್ಲ, ಹಾಕಿದರೆ ಕಾಗದದ ಚೀಟಿಗಳೆಲ್ಲ ನಕಾಶೆಯಿಂದ ಹಾರಿ ನೆಲಕ್ಕೆ ಬೀಳುತ್ತವೆ. ಚೀಟಿಯನ್ನು ಒಂದು ರೂಪಾಯಿ ನಾಣ್ಯಕ್ಕೆ ಅಂಟಿಸಿ. ಸುತ್ತಿನ ಕೊನೆಗೆ ನಕಾಶೆಯ ಫೋಟೋ ತೆಗೆದಿಡಿ.

## ಸಂಶೋಧನೆ

ಗುಪ್ತ ಕಾಗದ ಸಿಗದೆ ರಕ್ಷಣೆ ಬಗ್ಗೆ ಸಂಶೋಧನೆ ಹೇಗೆ?

ಸಿಗುವ ಕಾಗದವನ್ನೇ ಯಾರೂ ಪೂರ್ತಿ ಓದಿಲ್ಲ, ಅದೇ ನಿಜವಾದ ತೊಂದರೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು, ಸಿಎಜಿ ವರದಿಗಳು, ಸದನದ ಪ್ರಶ್ನೋತ್ತರಗಳು, ಕೆಲವು ಭಾಗ ತೆಗೆದ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ ಎಲ್ಲವೂ ಬಹಿರಂಗವಾಗಿವೆ. ಎದುರಿಗೆ, 1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇಂದಿಗೂ ಬಿಡುಗಡೆ ಮಾಡಿಲ್ಲ. 2021ರ ಜೂನ್‌ನಲ್ಲಿ ಬಂದ ರಕ್ಷಣಾ ಸಚಿವಾಲಯದ ನೀತಿಯ ಪ್ರಕಾರ ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದ ಹೊತ್ತಿಗೆ ಬಹಿರಂಗಪಡಿಸಬೇಕು. ‘ಸಾಮಾನ್ಯವಾಗಿ’ ಎಂಬ ಪದದ ಮೇಲೆ ನಿಮ್ಮ ಥೀಸಿಸ್ ನಿಲ್ಲಿಸಬೇಡಿ.

ಮಾಹಿತಿ ಹಕ್ಕಿನ ಅರ್ಜಿಯೂ ಒಂದು ದಾರಿ: ಶುಲ್ಕ 10 ರೂಪಾಯಿ, ಗಡುವು 30 ದಿನ. ಭೂಸೇನೆ, ನೌಕಾಪಡೆ, ವಾಯುಪಡೆ ಈ ಕಾಯ್ದೆಯ ಒಳಗೇ ಇವೆ. ಡಿಆರ್‌ಡಿಒ ಮಾತ್ರ ಎರಡನೆಯ ಅನುಸೂಚಿಯಲ್ಲಿರುವುದರಿಂದ, ಭ್ರಷ್ಟಾಚಾರ ಮತ್ತು ಮಾನವ ಹಕ್ಕಿನ ವಿಷಯ ಬಿಟ್ಟರೆ, ಉತ್ತರಿಸಬೇಕಾಗಿಲ್ಲ. ‘ಎಲ್ಲ ಮಾಹಿತಿ ಕೊಡಿ’ ಎಂದು ಕೇಳಿದರೆ ಮಾಹಿತಿ ನಿರಾಕರಿಸಲು ಅವಕಾಶ ಕೊಡುವ ಎಂಟನೆಯ ಕಲಂ ತೋರಿಸಿ ಮುಗಿಸುತ್ತಾರೆ. ಒಂದು ವರ್ಷ, ಒಂದು ವಿಷಯ, ಒಂದು ಅಂಕಿ ಕೇಳಿ.

ಕನ್ನಡ ಬರೋದರಿಂದ ಇದರಲ್ಲಿ ಏನಾದರೂ ಉಪಯೋಗ ಇದೆಯಾ?

ಇದೆ, ಬಹಳ ಇದೆ. ಎಲ್ಲರೂ ಲಡಾಖ್ ಮೇಲೆ ಬರೆಯುವಾಗ ನಿಮ್ಮ ಮನೆಯಂಗಳದ ವಿಷಯ ಖಾಲಿ ಬಿದ್ದಿದೆ. 1961ರ ಡಿಸೆಂಬರಿನ ಗೋವಾ ಕಾರ್ಯಾಚರಣೆಯನ್ನೇ ನೋಡಿ. ಹೊಣೆ ಹೊತ್ತದ್ದು ಪುಣೆಯ ದಕ್ಷಿಣ ಕಮಾಂಡ್, ಆಗ ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್ ಜಮಾಯಿಸಿದ್ದು ಬೆಳಗಾವಿ ಕಡೆ. ಸೈನ್ಯದ ಸಾಗಾಟ, ರೈಲು, ದವಸ, ಊರವರ ನೆನಪು ಇವುಗಳಿಗೆ ಆಧಾರ ಅಂದಿನ ಸಂಯುಕ್ತ ಕರ್ನಾಟಕದ ಪುಟಗಳು, ತಾಲ್ಲೂಕು ಕಚೇರಿಯ ಕಡತಗಳು, ಇನ್ನೂ ಬದುಕಿರುವ ಹಿರಿಯರು. ಇವನ್ನು ದೆಹಲಿಯಲ್ಲಿ ಕೂತವರು ಓದಲಾರರು.

ಇನ್ನೊಂದು, ಕಾರವಾರದ ಸೀಬರ್ಡ್ ಯೋಜನೆ. ಅಡಿಗಲ್ಲು 1986ರಲ್ಲಿ, ಐಎನ್‌ಎಸ್ ಕದಂಬ ಕಾರ್ಯಾರಂಭ 2005ರಲ್ಲಿ. ನೌಕಾನೆಲೆಯ ಬಗ್ಗೆ ಬರೆದವರು ಬಹಳ. ಭೂಸ್ವಾಧೀನ, ಪರಿಹಾರದ ಮೊಕದ್ದಮೆ, ಊರು ಬಿಟ್ಟ ಮೀನುಗಾರರ ಕಥೆ ಕನ್ನಡ, ಕೊಂಕಣಿಯಲ್ಲೇ ಉಳಿದಿದೆ.

ನಿವೃತ್ತ ಅಧಿಕಾರಿಗಳ ಸಂದರ್ಶನ ಮಾಡುವಾಗ ಏನು ಜಾಗ್ರತೆ?

ಲಿಖಿತ ಒಪ್ಪಿಗೆ ಮೊದಲು. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯೊಂದಿಗೆ ಮುಗಿಯುವುದಿಲ್ಲ, ಹೇಳಿದವರಿಗೂ ಬರೆದ ನಿಮಗೂ ಅನ್ವಯಿಸುತ್ತದೆ. ಪುಣೆಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ನಿವೃತ್ತ ಡಿಆರ್‌ಡಿಒ ವಿಜ್ಞಾನಿಗಳ ವಿಚಾರ. 2021ರಲ್ಲಿ ತಿದ್ದಿದ ಪಿಂಚಣಿ ನಿಯಮದಂತೆ, ಮಾಹಿತಿ ಹಕ್ಕಿನ ಎರಡನೆಯ ಅನುಸೂಚಿಯ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಕ್ಷೇತ್ರದ ವಿಷಯ ಪ್ರಕಟಿಸುವ ಮುನ್ನ ಅನುಮತಿ ಪಡೆಯಬೇಕು. ಮೀರಿದರೆ ಅವರ ಪಿಂಚಣಿಗೇ ಕುತ್ತು. ನಿಮ್ಮ ಅಧ್ಯಾಯದ ಒಂದು ಅಡಿಟಿಪ್ಪಣಿಗಾಗಿ ಹಿರಿಯರೊಬ್ಬರನ್ನು ಆ ಇಕ್ಕಟ್ಟಿಗೆ ತಳ್ಳಬೇಡಿ.

ರಕ್ಷಣಾ ಬಜೆಟ್ ಬಗ್ಗೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳ್ತಾರೆ. ಯಾವುದು ಸರಿ?

ಎಲ್ಲವೂ ಸರಿ ಇರಬಹುದು, ಯಾವುದರ ಅಂಕಿ ಎಂದು ಕೇಳಬೇಕು. 2025–26ರ ಬಜೆಟ್ ಅಂದಾಜು ಒಟ್ಟು 6,81,210 ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೆ 1,60,795 ಕೋಟಿ, ಹೊಸ ಆಯುಧ, ಹಡಗು, ವಿಮಾನ ಇತ್ಯಾದಿ ಬಂಡವಾಳ ವೆಚ್ಚಕ್ಕೆ 1,80,000 ಕೋಟಿ. ಪಿಂಚಣಿ ಬಿಟ್ಟು ಹೇಳುವವರ ಅಂಕಿ ಸಹಜವಾಗಿಯೇ ಚಿಕ್ಕದು. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಅರೆಸೇನಾ ಪಡೆಗಳ ಖರ್ಚನ್ನೂ ಕೂಡಿಸುತ್ತದೆ, ಹಾಗಾಗಿ ಅದರದು ದೊಡ್ಡದು.

ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು ಬೇರೆ. ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷದ ನಿಜವಾದ ಖರ್ಚು, ಈ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಬಜೆಟ್ ಅಂದಾಜು ಅಕ್ಕಪಕ್ಕ ಇರುತ್ತವೆ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ಖರ್ಚಿನ ಜೊತೆ ಹೋಲಿಸಿ ‘ಇಷ್ಟು ಶೇಕಡಾ ಏರಿಕೆ’ ಎಂದು ಬರೆಯುತ್ತಾರೆ. ಅಂದಾಜಿಗೆ ಅಂದಾಜು, ಖರ್ಚಿಗೆ ಖರ್ಚು, ಹಾಗೆ ಹೋಲಿಸಿ. ಹತ್ತು ವರ್ಷದ ಹೋಲಿಕೆಯಾದರೆ ಬೆಲೆಯೇರಿಕೆ ಕಳೆಯದೆ ಮಾತಾಡಬೇಡಿ.

ಸಿಪ್ರಿಯ ಆಯುಧ ಆಮದಿನ ಪಟ್ಟಿಯಲ್ಲಿರುವುದು ಡಾಲರ್ ತಾನೇ?

ಅಲ್ಲ. ಅದು ಟಿಐವಿ ಎಂಬ ಬೇರೆಯೇ ಅಳತೆ. ಕೊಟ್ಟ ದುಡ್ಡನ್ನು ಅದು ಅಳೆಯುವುದಿಲ್ಲ, ಕೈಗೆ ಬಂದ ಆಯುಧದ ಸಾಮರ್ಥ್ಯವನ್ನು ಅಳೆಯುತ್ತದೆ. ಹಳೆಯ ಆಯುಧಕ್ಕೆ ಹೊಸದರ ಶೇ. 40, ಚೆನ್ನಾಗಿ ರಿಪೇರಿ ಮಾಡಿ ಕೊಟ್ಟದ್ದಕ್ಕೆ ಶೇ. 66 ಬೆಲೆ ಕಟ್ಟುತ್ತಾರೆ. ಆದ್ದರಿಂದ ಟಿಐವಿಯನ್ನು ಬಜೆಟ್ಟಿನಿಂದ ಭಾಗಿಸಿ ತೆಗೆದ ಶೇಕಡಾವಾರು ಅಂಕಿಗೆ ಅರ್ಥವಿಲ್ಲ. ಒಂದು ವರ್ಷ ಹಡಗು ಬಂದರೆ ಅಂಕಿ ಚಿಮ್ಮುತ್ತದೆ, ಮರುವರ್ಷ ಕುಸಿಯುತ್ತದೆ. ಐದು ವರ್ಷದ ಸರಾಸರಿ ನೋಡುವುದು ಅದಕ್ಕೇ.

ಉಪಗ್ರಹ ಚಿತ್ರ ಪುಕ್ಕಟೆ ಸಿಗ್ತದಂತ, ಅದರಲ್ಲಿ ಯುದ್ಧ ವಿಮಾನ ಕಾಣ್ತದಾ?

ಯುರೋಪಿನ ಸೆಂಟಿನೆಲ್–2 ಚಿತ್ರಗಳು ಪುಕ್ಕಟೆ. ಎರಡು ಉಪಗ್ರಹ ಸೇರಿ ಸುಮಾರು ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತವೆ. ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ಸುಖೋಯ್–30 ಸುಮಾರು 22 ಮೀಟರ್ ಉದ್ದ, ರೆಕ್ಕೆ 15 ಮೀಟರಿನೊಳಗೆ: ಎರಡು ಚುಕ್ಕೆ ಉದ್ದ, ಒಂದೂವರೆ ಚುಕ್ಕೆ ಅಗಲ. ಏನೋ ಬೆಳ್ಳಗೆ ಕಂಡರೂ ಅದು ವಿಮಾನವೋ ಟ್ರಕ್ಕೋ ಹೇಳಲಾಗದು. 45 ಮೀಟರ್ ಅಗಲದ ರನ್‌ವೇ ನಾಲ್ಕೈದು ಚುಕ್ಕೆಯಾಗಿ ಚೆನ್ನಾಗಿ ಕಾಣುತ್ತದೆ. ಹೊಸ ರಸ್ತೆ, ಅಗೆದ ಮಣ್ಣು, ಉದ್ದವಾದ ರನ್‌ವೇ ಇವಕ್ಕೆ ಇದು ಸಾಕು.

ಕೊಂಕಣ, ಗೋವಾ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಇದರಲ್ಲಿ ಕಾಣುವುದು ಮೋಡ ಮಾತ್ರ. ಆಗ ಸೆಂಟಿನೆಲ್–1ರ ರಾಡಾರ್ ಚಿತ್ರ ತೆಗೆಯಿರಿ. ಕಪ್ಪು ಸಮುದ್ರದ ಮೇಲೆ ಹಡಗುಗಳು ಬಿಳಿ ಕಾಳಿನಂತೆ ಹೊಳೆಯುತ್ತವೆ. ಅಭ್ಯಾಸಕ್ಕೆ ಮೊರ್ಮುಗೋವಾ ಬಂದರಿನ ಹೊರಗೆ ಲಂಗರು ಹಾಕಿದ ಸರಕು ಹಡಗು ಎಣಿಸಿ, ಹಡಗುಗಳು ತಾವಿರುವ ಜಾಗವನ್ನು ಸಾರುವ ಎಐಎಸ್ ಸಂಕೇತದ ಜೊತೆ ತಾಳೆ ನೋಡಿ. ನಮ್ಮ ಸೇನಾ ನೆಲೆಗಳನ್ನು ಅಭ್ಯಾಸದ ವಸ್ತು ಮಾಡಿಕೊಳ್ಳಬೇಡಿ.

ನಕಾಶೆಯನ್ನು ಇಂಟರ್ನೆಟ್‌ನಿಂದ ತಗೊಂಡು ಥೀಸಿಸ್‌ನಲ್ಲಿ ಹಾಕಬಹುದಾ?

ಹಾಕಬೇಡಿ. ವಿದೇಶಿ ಸಂಸ್ಥೆಗಳ ಬಹುಪಾಲು ನಕಾಶೆಗಳಲ್ಲಿ ಜಮ್ಮು–ಕಾಶ್ಮೀರ, ಲಡಾಖ್, ಅರುಣಾಚಲದ ಗಡಿ ಸರ್ವೇ ಆಫ್ ಇಂಡಿಯಾದ ನಕಾಶೆಗೆ ಹೊಂದುವುದಿಲ್ಲ. ಹೊಂದದ ನಕಾಶೆ ಪ್ರಕಟಿಸುವುದು 1961ರ ಕಾನೂನಿನ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಸರ್ವೇ ಆಫ್ ಇಂಡಿಯಾದ ಗಡಿರೇಖೆಯ ಕಡತವನ್ನು ಅವರ ಪೋರ್ಟಲ್‌ನಿಂದಲೇ ಇಳಿಸಿಕೊಂಡು, ಕ್ಯೂಜಿಐಎಸ್ ತಂತ್ರಾಂಶದಲ್ಲಿ ನಿಮ್ಮ ನಕಾಶೆಯನ್ನು ನೀವೇ ಬಿಡಿಸಿ. ಕಲಿಯಲು ಒಂದು ವಾರ ಸಾಕು. ವಾಸ್ತವ ನಿಯಂತ್ರಣ ರೇಖೆ ತೋರಿಸಬೇಕಾದರೆ ಅದನ್ನು ಬೇರೆ ಗೆರೆಯಾಗಿ ಎಳೆಯಿರಿ, ಗಡಿಯ ಬದಲು ಅಲ್ಲ. ಸೆಮಿನಾರಿನ ಸ್ಲೈಡಿಗೂ ಇದೇ ಮಾತು. ಹಾಲ್‌ನಲ್ಲಿ ಕೂತ ಯಾರಾದರೊಬ್ಬರು ಎದ್ದು ಕೇಳಿಯೇ ಕೇಳುತ್ತಾರೆ.

ಸಾಫ್ಟ್‌ವೇರ್ ನನ್ನ ಥೀಸಿಸ್ ಶೇ. 23 ಕಾಪಿ ಅಂತ ತೋರಿಸ್ತು. ಏನು ಮಾಡ್ಲಿ?

ಗಾಬರಿ ಬೇಡ, ಮೊದಲು ಆ ಶೇ. 23 ಎಲ್ಲಿಂದ ಬಂತು ನೋಡಿ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಉದ್ಧರಣ ಚಿಹ್ನೆಯೊಳಗಿನ ಭಾಗ, ಗ್ರಂಥಸೂಚಿ, ಕಾನೂನಿನ ಹೆಸರುಗಳು ಲೆಕ್ಕಕ್ಕೆ ಬರಬಾರದು. ಆ ಆಯ್ಕೆಗಳನ್ನು ಹಾಕಿ ಇನ್ನೊಮ್ಮೆ ಓಡಿಸಲು ಗ್ರಂಥಾಲಯದವರನ್ನು ಕೇಳಿ. ಈ ವಿಷಯದಲ್ಲಿ ಸಂಖ್ಯೆ ಏರುವುದು ಹೆಚ್ಚಾಗಿ ಎರಡನೆಯ ಅಧ್ಯಾಯದಲ್ಲಿ, ಸಚಿವಾಲಯದ ಪತ್ರಿಕಾ ಪ್ರಕಟಣೆಯ ಸಾಲುಗಳನ್ನು ಹಾಗೇ ಇಳಿಸಿಕೊಂಡಿರುವ ಕಡೆ. ಪದ ಬದಲಿಸಿ ತೇಪೆ ಹಾಕಲು ಹೋಗಬೇಡಿ. ಆ ಪುಟ ಮುಚ್ಚಿಟ್ಟು, ಅದರಲ್ಲಿ ಏನಿತ್ತು ಎಂದು ಕನ್ನಡದಲ್ಲಿ ಯಾರಿಗಾದರೂ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ.